ಮಕ್ಕಳಿಲ್ಲದ ತರಗತಿ

ದಡದ ಮೇಲೆ ನಿಂತು ಈಜು ಕಲಿತವರಿಲ್ಲ. ಪಾಠ ಹೇಳುವ ವಿದ್ಯೆಯೂ ಅಂತಹುದೇ. ಆದುದರಿಂದಲೇ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ತನ್ನ 2014ರ ನಿಯಮಾವಳಿಯಲ್ಲಿ ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಶಾಲೆಗಳಲ್ಲಿ ಅಭ್ಯಾಸ ಮಾಡುವುದಕ್ಕೆಂದು 20 ವಾರಗಳನ್ನು ಮೀಸಲಿಟ್ಟಿತು. ಮೊದಲ ವರ್ಷ 4, ಎರಡನೆಯ ವರ್ಷ 16.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಮಹಾಮಾರಿಯ ದೆಸೆಯಿಂದ ಕರ್ನಾಟಕದ ಶಾಲೆಗಳು ಮುಚ್ಚಿದವು. ಉಪಾಧ್ಯಾಯರಾಗಹೊರಟ ತರುಣ ತರುಣಿಯರ ಪಾಡು ಆಗ ವಿಚಿತ್ರವಾಯಿತು. ನಿಯಮವು ಶಾಲೆಗೆ ಹೋಗೆನ್ನುತ್ತಿತ್ತು. ಶಾಲೆಗೆ ಬೀಗ ಬಿದ್ದಿತ್ತು. ಫೋನಿನ ಕಿರುಪರದೆಯ ಮುಂದೆ ಕುಳಿತು ಪಾಠ ಹೇಳಬಹುದು, ನಿಜ. ಆದರೆ ಹಿಂದಿನ ಸಾಲಿನ ಹುಡುಗನ ಮುಖ ಮಂಕಾದುದನ್ನು ಕಂಡು, ಹೇಳಿದ್ದನ್ನೇ ಬೇರೊಂದು ಬಗೆಯಲ್ಲಿ ಹೇಳುವ ಜಾಣ್ಮೆ ಅಲ್ಲಿ ಕೈಗೂಡಲಾರದು. ಫೋನಿಲ್ಲದ ಮನೆಯ ಮಗುವಂತೂ ಆ ಪರದೆಯ ಮೇಲೆ ಮೂಡುವುದೇ ಇಲ್ಲ.

ಆ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯಲ್ಲಿ ಸರಕಾರಿ ಶಾಲೆಯ ಉಪಾಧ್ಯಾಯರು ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಮಾಡಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಆದರೂ, ಕಟ್ಟಡವಿಲ್ಲದೆ ಶಾಲೆ ನಡೆದೀತು, ಎದುರಿಗೊಂದು ಮಗುವಿಲ್ಲದೆ ನಡೆಯದೆಂಬ ಪಾಠವನ್ನು ಆ ಎರಡು ತಿಂಗಳು ಕಲಿಸಿದವು.

ಅಭ್ಯಾಸ ಕುಂಠಿತವಾದುದು ಆ ತರುಣರ ತಪ್ಪಲ್ಲ. ಆದರೆ ಕೊರತೆಯ ಬೆಲೆ ತೆರುವವರು ಪುಟ್ಟ ಮಕ್ಕಳು. ಅಂತಹವರು ಕೆಲಸಕ್ಕೆ ಸೇರಿದ ಶಾಲೆಗಳಲ್ಲಿ, ಹಿರಿಯ ಉಪಾಧ್ಯಾಯರು ತಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಅವರಿಗೊಂದು ಎಡೆ ಕೊಡಲಿ. ಕಳೆದುಹೋದ ವಾರಗಳು ಇಂದಿಗೂ ಮರಳಿ ಬಂದಾವು.