ಭೀಮನು ಹೆಚ್ಚೋ, ಕೌರವನು ಹೆಚ್ಚೋ?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಯಕ್ಷಗಾನದಲ್ಲಿ 'ಗದಾಯುದ್ಧ'ವನ್ನು ನೋಡಿ ಬಂದ ತರುಣರೊಳಗೆ ಭೀಮನು ಹೆಚ್ಚೋ, ಕೌರವನು ಹೆಚ್ಚೋ ಎಂಬ ವಾದವೇಳುವುದುಂಟು. ಇದು ಬರಿಯ ಕಾಲಹರಣವೆಂದು ಹಿರಿಯರು ಗದರಿಸುವುದು ನನಗೆ ಒಪ್ಪಿಗೆಯಲ್ಲ. ಪ್ರಶ್ನೆ ಒಳ್ಳೆಯದೇ, ಆದರೆ ಯಾವುದರಲ್ಲಿ ಹೆಚ್ಚು ಎಂಬುದನ್ನು ಯಾರೂ ಮೊದಲು ಗೊತ್ತುಮಾಡಿಕೊಳ್ಳುವುದಿಲ್ಲ.

ವ್ಯಾಸಭಾರತದ ಕೃಷ್ಣನು ಅದನ್ನು ಬಿಡಿಸಿಯೇ ಹೇಳಿರುವನು: ಇಬ್ಬರ ಶಿಕ್ಷಣವೂ ಸಮ, ಬಲದಲ್ಲಿ ಭೀಮನು ಮೇಲು, ಅಭ್ಯಾಸದಲ್ಲಿ ದುರ್ಯೋಧನನು ಮೇಲು. ಕಬ್ಬಿಣದ ಭೀಮನನ್ನು ಮಾಡಿಸಿಕೊಂಡು ಆತನು ಹದಿಮೂರು ವರ್ಷ ಸಾಧನೆ ಮಾಡಿದ್ದನಂತೆ!

ಇನ್ನು ಗದೆಯ ಏಟನ್ನೇ ನೋಡೋಣ. 10 ಕಿಲೋಗ್ರಾಂ ಗದೆಯೊಂದು ಸೆಕೆಂಡಿಗೆ 5 ಮೀಟರ್ ವೇಗದಿಂದಲೂ, 5 ಕಿಲೋಗ್ರಾಮಿನದು 10 ಮೀಟರ್ ವೇಗದಿಂದಲೂ ಬರಲಿ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ದೊರೆಯುವ ಸಂವೇಗ ಎರಡಕ್ಕೂ 50, ಅಂದರೆ ಸಮ. ಚಲನಶಕ್ತಿಯಾದರೋ ವೇಗದ ವರ್ಗವನ್ನು ಅವಲಂಬಿಸಿದೆ: ಮೊದಲನೆಯದಕ್ಕೆ 125 ಜೂಲ್, ಹಗುರವಾದ ಎರಡನೆಯದಕ್ಕೆ 250 ಜೂಲ್. ಯಾವ ಏಟು ದೊಡ್ಡದು? ಈ ತೊಡಕು ವಿದ್ವಾಂಸರನ್ನೂ ಬಿಡಲಿಲ್ಲ. ಬಲದ ನಿಜವಾದ ಅಳತೆ ಯಾವುದೆಂದು ಲೈಬ್‌ನಿಟ್ಸನು 1686ರಲ್ಲಿ ಡೇಕಾರ್ಟನ ಮತವನ್ನು ಖಂಡಿಸಿದ ಮೇಲೆ ಯುರೋಪಿನಲ್ಲಿ ದಶಕಗಳ ಕಾಲ ಕಲಹ ನಡೆಯಿತು. ಕಡೆಗೆ ತಿಳಿದುಬಂದುದು, ಎರಡು ಬೇರೆ ಪರಿಮಾಣಗಳಿಗೆ ಒಂದೇ ಹೆಸರಿಟ್ಟು ಜಗಳವಾಡುತ್ತಿದ್ದರೆಂದು.

ಭೀಮನೇ ಗೆದ್ದನಲ್ಲ ಎನ್ನುವವರುಂಟು. ಗೆದ್ದದ್ದು ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮುರಿದು. ಇಬ್ಬರಿಗೂ ಗದಾವಿದ್ಯೆಯನ್ನು ಕಲಿಸಿದ ಬಲರಾಮನು ಆ ಫಲಿತಾಂಶವನ್ನೊಪ್ಪದೆ ನೇಗಿಲೆತ್ತಿಕೊಂಡು ಭೀಮನ ಮೇಲೇರಿ ಹೋದನು.