ಕೂಸು ಬಡವಾಗದಿರಲಿ

ಗಂಡ ಹೆಂಡಿರ ಜಗಳದ ವಿಷಯವಾಗಿ ನಮ್ಮ ಕನ್ನಡದಲ್ಲಿ ಎರಡು ಗಾದೆಗಳಿವೆ. ಅದು ಉಂಡು ಮಲಗುವ ತನಕ ಎನ್ನುತ್ತದೆ ಒಂದು. ಅದರಲ್ಲಿ ಕೂಸು ಬಡವಾಯಿತು ಎನ್ನುತ್ತದೆ ಇನ್ನೊಂದು. ಮೊದಲನೆಯದನ್ನು ನಾವೆಲ್ಲ ಆಗಾಗ ಆಡುತ್ತೇವೆ. ಪಕ್ಕದ ಮನೆಯ ಗಲಾಟೆಯಲ್ಲಿ ತಲೆಹಾಕದಿರಲು ಅದು ಅನುಕೂಲವಾದ ನೆಪ. ಎರಡನೆಯದನ್ನು ಆಡಿ ನಕ್ಕು ಸುಮ್ಮನಾಗುತ್ತೇವೆ. ವಾಚಕ ಬಂಧುಗಳೇ, ಭಗಿನಿಯರೇ, ಈ ಸಲ ಆ ಕೂಸಿನ ಪಕ್ಷ ವಹಿಸಿ ನಾಲ್ಕು ಮಾತು ಆಡಬೇಕೆಂದಿದ್ದೇವೆ. ಕುಟುಂಬದ ಪತ್ರಿಕೆಯೆಂದು ಹೆಸರು ಹೊತ್ತ ಮೇಲೆ ಕುಟುಂಬದ ನೋವನ್ನು ಹೊಸ್ತಿಲಾಚೆ ಇಟ್ಟು ಹಾಡು, ಹಬ್ಬ, ಅಡಿಗೆಗಳನ್ನಷ್ಟೇ ಅಚ್ಚುಹಾಕುವುದು ಸರಿಯಲ್ಲವಷ್ಟೆ.

ಊರಿನಲ್ಲಿ ತಂದೆ ಕೈಯೆತ್ತಿದರೆ ಮಗು ಓಡಿಹೋಗಿ ಅಜ್ಜಿಯ ಸೆರಗು ಹಿಡಿಯುತ್ತಿತ್ತು. ಆ ತುಂಬಿದ ಮನೆಗಳಲ್ಲಿಯೂ ಕತ್ತಲ ಮೂಲೆಗಳು ಇದ್ದೇ ಇದ್ದವು. ಆದರೂ ಹಿಡಿಯಲು ಒಂದು ಸೆರಗಿತ್ತು. ಮುಂಬಯಿಯ ಚಾಳಿನಲ್ಲೋ, ಪುಣೆಯ ಫ್ಲಾಟಿನಲ್ಲೋ ಇರುವ ನಮ್ಮ ಮಗುವಿಗೆ ಆ ಆಸರೆ ಇಲ್ಲ. ಮನೆಯಲ್ಲಿ ಬೈಯುವ ಭಾಷೆ ಕನ್ನಡ, ಅಳುವ ಭಾಷೆಯೂ ಕನ್ನಡ. ಗೋಡೆಯಾಚೆ ಕೇಳಿಸಿಕೊಂಡವರಿಗೆ ಅದು ಅರ್ಥವಾಗದು. ಗಾಡಿಯ ನೂಕುನುಗ್ಗಲು, ಬಾಡಿಗೆಯ ಚಿಂತೆ, ಕೆಲಸದ ಕಿರಿಕಿರಿ, ಇವೆಲ್ಲದರ ಬಿಸಿ ಕಡೆಗೆ ಇಳಿಯುವುದು ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರ ಬೆನ್ನಿನ ಮೇಲೆ.

ಇದು ಎಲ್ಲೋ ಒಂದೆರಡು ಮನೆಗಳ ಮಾತೆಂದು ತಿಳಿಯಬೇಡಿ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತನಾಡಿಸಲಾಗಿತ್ತು. ಮೂವರಲ್ಲಿ ಇಬ್ಬರು ಮಕ್ಕಳು ಹೊಡೆತ ಬಡಿತ ಅನುಭವಿಸಿದ್ದರು. ಕುಟುಂಬದೊಳಗೆ ಏಟು ತಿಂದವರಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಮಕ್ಕಳಿಗೆ ಹೊಡೆದವರು ಹೆತ್ತವರೇ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಪೀಡನೆಗೆ ಒಳಗಾಗಿದ್ದರು. ಪೀಡಿಸಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗುರುತಿದ್ದವರು, ನಂಬಿಕೆಯ ಸ್ಥಾನದಲ್ಲಿದ್ದವರು. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ.

“ನಾವೂ ಪೆಟ್ಟು ತಿಂದೇ ಬೆಳೆದೆವು, ಮನುಷ್ಯರಾಗಲಿಲ್ಲವೆ?” ಎಂದು ಹಿರಿಯರು ಕೇಳುವುದುಂಟು. ಮನುಷ್ಯರಾದದ್ದು ನಿಜ. ಆದರೆ ಅದು ಪೆಟ್ಟಿನಿಂದ ಆದದ್ದೋ, ಪೆಟ್ಟಿನ ಆಚೆಗೆ ಯಾರೋ ಅನ್ನವಿಟ್ಟು, ತಲೆ ನೇವರಿಸಿ, ಅಕ್ಷರ ಕಲಿಸಿದ್ದರಿಂದ ಆದದ್ದೋ ಎಂಬುದನ್ನು ಅವರೇ ಯೋಚಿಸಲಿ. ಶಾಲೆಯಲ್ಲಿ ಮಗುವನ್ನು ದಂಡಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಮಾಸ್ತರರ ಕೈಯಿಂದ ಕಿತ್ತುಕೊಂಡ ಬೆತ್ತವು ಮನೆಯಲ್ಲಿ ಲಟ್ಟಣಿಗೆಯಾಗಿ, ಬೆಲ್ಟಾಗಿ ಉಳಿಯುವುದು ನ್ಯಾಯವೆ?

ಇನ್ನು ಕೆಲವರು, ಏಟು ತಿಂದವನು ಮುಂದೆ ಏಟು ಕೊಟ್ಟೇ ಕೊಡುತ್ತಾನೆ, ಅದು ವಂಶದ ಗುಣ ಎಂದು ಕೈಚೆಲ್ಲುತ್ತಾರೆ. ಇದೂ ಸುಳ್ಳು. ಕೌಫ್‌ಮನ್ ಮತ್ತು ಝಿಗ್ಲರ್ ಎಂಬ ಅಮೆರಿಕದ ವಿದ್ವಾಂಸರು ಅದುವರೆಗಿನ ಅಧ್ಯಯನಗಳನ್ನು 1987ರಲ್ಲಿ ತೂಗಿ ನೋಡಿದರು. ಬಾಲ್ಯದಲ್ಲಿ ಹಿಂಸೆ ಉಂಡವರ ಪೈಕಿ ತಮ್ಮ ಮಕ್ಕಳನ್ನು ಹಿಂಸಿಸುವವರು ನೂರಕ್ಕೆ ಸುಮಾರು ಮೂವತ್ತು ಮಂದಿ ಎಂದು ಅವರು ಅಂದಾಜು ಮಾಡಿದರು. ಅಂದರೆ ಹೆಚ್ಚಿನವರು ಆ ಸರಪಳಿಯನ್ನು ಕಡಿದವರೇ. ಕಡಿದದ್ದು ಹೇಗೆ? ಮಿನ್ನೆಸೋಟದಲ್ಲಿ ಎಗೆಲ್ಯಾಂಡ್ ಮತ್ತು ಸಂಗಡಿಗರು ಇಂಥ ತಾಯಂದಿರನ್ನು ಕುರಿತು ನಡೆಸಿದ ಅಧ್ಯಯನ 1988ರಲ್ಲಿ ಬೆಳಕಿಗೆ ಬಂತು. ಸರಪಳಿ ಕಡಿದವರಿಗೆ ಬಾಲ್ಯದಲ್ಲಿ ಆಸರೆಯಾದ ಒಬ್ಬ ಹಿರಿಯರಿದ್ದರು, ಇಲ್ಲವೆ ಅವರು ಮನೋಚಿಕಿತ್ಸೆ ಪಡೆದಿದ್ದರು, ಇಲ್ಲವೆ ಮುಂದೆ ಅಕ್ಕರೆಯ ಬಾಳಸಂಗಾತಿ ಅವರಿಗೆ ದೊರೆತಿದ್ದರು. ಆ ಒಬ್ಬ ಹಿರಿಯರು ಮನೆಯವರೇ ಆಗಬೇಕೆಂದಿಲ್ಲ. ಪಕ್ಕದ ಖೋಲಿಯ ಮಾವಶಿಯಾಗಬಹುದು. ಸಂಘದ ಕನ್ನಡ ತರಗತಿಯ ಟೀಚರಾಗಬಹುದು. ಇದನ್ನು ಓದುತ್ತಿರುವ ನೀವೂ ಆಗಬಹುದು.

ಸಿಟ್ಟು ನೆತ್ತಿಗೇರಿದಾಗ ಕೈಯೆತ್ತುವ ಬದಲು ಮನೆಯಿಂದ ಹೊರಬಿದ್ದು ಒಂದು ಸುತ್ತು ನಡೆದು ಬರಬಹುದು. ಕೈ ಮಾಡಿಯೇಬಿಟ್ಟಿದ್ದರೆ ಮಗುವಿನ ಎದುರು ಕುಳಿತು “ನಾನು ಮಾಡಿದ್ದು ತಪ್ಪು” ಎಂದು ಹೇಳಬಹುದು; ಅದರಿಂದ ತಂದೆಯ ಮರ್ಯಾದೆ ಹೋಗುವುದಿಲ್ಲ. ಆದರೆ ಕೈ ಮಾಡುವುದು, ಮಾತಿನಲ್ಲಿ ತಿವಿಯುವುದು, ಖರ್ಚಿಗೆ ಕಾಸು ಕೊಡದೆ ಸತಾಯಿಸುವುದು ಮನೆಯ ರೂಢಿಯೇ ಆಗಿಬಿಟ್ಟಿದ್ದರೆ ಅದು ಉಂಡು ಮಲಗಿದರೆ ಮುಗಿಯುವ ಜಗಳವಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಇವೆಲ್ಲವನ್ನೂ ದೌರ್ಜನ್ಯವೆಂದೇ ಹೇಳುತ್ತದೆ. ಹೆಂಡತಿಗೆ ಮಾತ್ರವಲ್ಲ, ಮನೆಯ ತಾಯಿ, ತಂಗಿಯರಿಗೂ ಅದರ ರಕ್ಷಣೆಯಿದೆ. ಮನೆ ಗಂಡನ ಹೆಸರಿನಲ್ಲಿದೆಯೆಂಬ ಕಾರಣಕ್ಕೆ ಹೆಂಡತಿಯನ್ನು ಬೀದಿಗೆ ದೂಡುವಂತಿಲ್ಲ. ಮಹಿಳೆಯರ ಸಹಾಯವಾಣಿಯ ಸಂಖ್ಯೆ 181. ಮುಂಬಯಿಯ ಪೊಲೀಸ್ ಕಮಿಷನರರ ಕಚೇರಿಯಲ್ಲಿ ಹೆಂಗಸರು ಮಕ್ಕಳಿಗಾಗಿ ವಿಶೇಷ ಘಟಕವೊಂದು 1984ರಲ್ಲಿಯೇ ಆರಂಭವಾಯಿತೆಂಬುದು ನಮ್ಮ ಎಷ್ಟೋ ಭಗಿನಿಯರಿಗೆ ತಿಳಿಯದು.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಮಗು ಬಂದು, ಇಂಥ ಮಾಮ, ಇಂಥ ಅಣ್ಣ ತನಗೆ ಹೀಗೆ ಮಾಡಿದನೆಂದು ಹೇಳಿದರೆ ಏನು ಮಾಡಬೇಕು? ಮೊದಲು ನಂಬಬೇಕು. “ಹೇಳಿದ್ದು ಒಳ್ಳೆಯದಾಯಿತು, ನಿನ್ನದು ತಪ್ಪಿಲ್ಲ” ಎನ್ನಬೇಕು. ಹತ್ತು ಜನರ ಮುಂದೆ ಹತ್ತು ಸಲ ಹೇಳಿಸಬಾರದು. ಆ ಮನುಷ್ಯ ಮಗುವಿನ ಬಳಿ ಸುಳಿಯದಂತೆ ನೋಡಿಕೊಂಡು 1098ಕ್ಕೆ ಟೆಲಿಫೋನು ಮಾಡಬೇಕು. 1996ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಹುಟ್ಟಿದ ಈ ಮಕ್ಕಳ ಸಹಾಯವಾಣಿಗೆ ಕಾಸು ತೆರಬೇಕಾಗಿಲ್ಲ, ಹೊತ್ತುಗೊತ್ತಿನ ಕಟ್ಟೂ ಇಲ್ಲ.

ಇಂಥ ಸಂದರ್ಭದಲ್ಲಿ, “ಪೊಲೀಸರವರೆಗೆ ಬೇಡ, ಮರ್ಯಾದೆಯ ಪ್ರಶ್ನೆ, ನಮ್ಮವರೇ ನಾಲ್ಕು ಮಂದಿ ಕೂತು ರಾಜಿ ಮಾಡೋಣ” ಎನ್ನುವವರು ಹೊರಡುತ್ತಾರೆ. ಪರಊರಿನಲ್ಲಿ ಸಂಘವೇ ತವರುಮನೆಯಾಗಿರುವುದರಿಂದ ಈ ಆಸೆ ಸಹಜ. ಬಾಡಿಗೆಯ ತಕರಾರನ್ನು, ಅಣ್ಣತಮ್ಮಂದಿರ ಪಾಲಿನ ಜಗಳವನ್ನು ಸಂಘದ ಹಿರಿಯರು ಬಗೆಹರಿಸಲಿ. ಆದರೆ ಮಗುವಿನ ಮೈ ಮುಟ್ಟಿದ ವಿಷಯದಲ್ಲಿ ರಾಜಿಗೆ ಎಡೆಯಿಲ್ಲ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಇಂಥದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿದೂ ಮುಚ್ಚಿಟ್ಟರೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಟ್ಟದ್ದು ಆ ಮನುಷ್ಯನಿಗೆ ಮುಂದಿನ ಮನೆಯ ಬಾಗಿಲನ್ನು ತೆರೆದುಕೊಟ್ಟಂತೆ.

ಠಾಣೆಯೆಂದರೆ ಅಂಜಬೇಕಾಗಿಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ, ಇಲ್ಲವೆ ಮಗು ಇಚ್ಛಿಸಿದ ಜಾಗದಲ್ಲಿ ಪಡೆಯಬೇಕು, ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಸಾಧ್ಯವಾದಷ್ಟೂ ಮಹಿಳೆಯಾಗಿರಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪತ್ರಿಕೆಗಳಲ್ಲಿ ಹೆಸರು, ವಿಳಾಸ ಬರುವಂತಿಲ್ಲ. ನಮ್ಮಂಥವರಿಗೆ ಮುಖ್ಯವಾದದ್ದು ಇನ್ನೊಂದು: ಬರೆದುಕೊಂಡ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿಯನ್ನು ಒದಗಿಸಬೇಕೆಂದು ಇದೇ ಕಾಯಿದೆ ಹೇಳಿದೆ. ಮರಾಠಿಯೋ ಹಿಂದಿಯೋ ಬಾರದ ಮಗು ತನ್ನ ನೋವನ್ನು ಕನ್ನಡದಲ್ಲಿಯೇ ಹೇಳಿಕೊಳ್ಳಬಹುದು.

ಆದುದರಿಂದ ಸಂಘಗಳ ಮಹಿಳಾ ವಿಭಾಗಗಳಲ್ಲಿ ನಮ್ಮದೊಂದು ಅರಿಕೆ. ಕನ್ನಡವನ್ನೂ ಆಯಾ ಊರಿನ ಭಾಷೆಯನ್ನೂ ಚೆನ್ನಾಗಿ ಬಲ್ಲ, ಗುಟ್ಟು ಕಾಯಬಲ್ಲ ನಾಲ್ಕಾರು ಹೆಂಗಸರ ಹೆಸರು ಬರೆದಿಡಿ. ಕಷ್ಟಕಾಲದಲ್ಲಿ ತಾಯಿ ಮಗುವಿನ ಜೊತೆಗೆ ಅವರು ಹೋಗಲಿ. ಸಂಘದ ಸೂಚನಾ ಫಲಕದಲ್ಲಿ ಕಾರ್ಯಕ್ರಮ ಪಟ್ಟಿಯ ಪಕ್ಕದಲ್ಲಿ 1098, 181 ಎಂಬ ಎರಡು ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆಯಿಸಿ. ವಾಚಕರಲ್ಲಿ ಕೇಳುವುದು ಇನ್ನೂ ಕಡಿಮೆ. ಇಂದು ರಾತ್ರಿ ಊಟವಾದ ಮೇಲೆ ಮಗುವನ್ನು ಹತ್ತಿರ ಕೂಡಿಸಿಕೊಂಡು, “ಯಾರೇ ಆಗಲಿ, ನಾವೇ ಆಗಲಿ, ನಿನಗೆ ನೋವು ಮಾಡಿದರೆ ಯಾರ ಹತ್ತಿರ ಹೇಳುತ್ತೀ?” ಎಂದು ಕೇಳಿ. ಮಗು ಒಂದು ಹೆಸರನ್ನಾದರೂ ಹೇಳಿದರೆ ಸಮಾಧಾನ. ಹೇಳದಿದ್ದರೆ, ಆ ಹೆಸರನ್ನು ಹುಡುಕಿಕೊಡುವ ಕೆಲಸವನ್ನು ನಾಳೆಗೆ ತಳ್ಳಬೇಡಿ.