ಮೆಟ್ಟಿಲ ಕೆಳಗಿನ ಮೀಟರು

ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೂರವಾಣಿಯಲ್ಲಿ ಮಾತನಾಡುತ್ತ ಒಂದು ಪ್ರಶ್ನೆ ಎತ್ತಿದ. “ಸರ್, ಮೊಬೈಲ್ ಕಂಪನಿ ಸರಿಬಾರದಿದ್ದರೆ ನಂಬರು ಉಳಿಸಿಕೊಂಡೇ ಬೇರೆ ಕಂಪನಿಗೆ ಹೋಗುತ್ತೇವೆ. ಕರೆಂಟಿಗೂ ಹಾಗೆಯೇ ಆದರೆ ಒಳ್ಳೆಯದಲ್ಲವೇ? ನಾಲ್ಕು ಕಂಪನಿಗಳು ಪೈಪೋಟಿ ನಡೆಸಿದರೆ ದರ ತಾನಾಗಿಯೇ ಇಳಿಯುತ್ತದೆ.” ತರಗತಿಯಲ್ಲಿಯೂ ಅವನು ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಪ್ರಶ್ನೆ ಕೇಳುತ್ತಿದ್ದವನು. ಫೋನಿನಲ್ಲಿ “ನೋಡೋಣಪ್ಪ” ಎಂದು ಸುಮ್ಮನಾದೆ. ಆದರೆ ಮಾತು ಮನಸ್ಸಿನಲ್ಲಿಯೇ ಉಳಿಯಿತು. ಅವನಂತೆಯೇ ಯೋಚಿಸುವವರು ನಿಮ್ಮಲ್ಲಿ ಇನ್ನೂ ಕೆಲವರಿರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ ಆಕಾಶದಿಂದ ಉದುರಿದ್ದೇನೂ ಅಲ್ಲ. ಒಂದೇ ಪ್ರದೇಶದಲ್ಲಿ ಹಲವು ಕಂಪನಿಗಳು, ಈಗಿರುವ ತಂತಿಗಳನ್ನೇ ಬಳಸಿಕೊಂಡು ವಿದ್ಯುತ್ ಮಾರಬಹುದೆಂಬ ಮಸೂದೆ ೨೦೨೨ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ, ಸ್ಥಾಯಿ ಸಮಿತಿಗೆ ಹೋಗಿ, ೨೦೨೪ರಲ್ಲಿ ಆ ಲೋಕಸಭೆಯೊಡನೆಯೇ ಬಿದ್ದುಹೋಯಿತು. ೨೦೨೫ರ ಅಕ್ಟೋಬರ್‌ನಲ್ಲಿ ಅದೇ ವಿಚಾರದ ಹೊಸ ಕರಡು ಹೊರಬಂದಿತು. ಮುಂಬೈಯ ಉಪನಗರಗಳಲ್ಲಂತೂ ೨೦೦೯ರ ನಂತರ ಇಂತಹ ಆಯ್ಕೆ ಬಳಕೆಗೆ ಬಂದಿತು. ಇಂದಿಗೂ ಕರೆಂಟು ಹೋದರೆ “ಕೆಇಬಿಗೆ ಫೋನ್ ಮಾಡು” ಎನ್ನುವ ನಮ್ಮೂರಿನವರಿಗೆ ಇದೆಲ್ಲ ಬಹು ದೂರದ ಸಂಗತಿಯೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಏಕೆಂದರೆ ಈ ಪದ್ಧತಿ ಪೂರ್ತಿ ಬೆಳೆದು ನಿಂತ ನಾಡಿನಲ್ಲಿ ನಾನು ಐದು ತಿಂಗಳು ಇದ್ದು ಬಂದಿದ್ದೇನೆ.

೨೦೨೨ರ ಫೆಬ್ರವರಿಯಲ್ಲಿ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಹೋದೆವು. (ಬಾಣಂತನ ನನ್ನ ಹೆಂಡತಿಯದು, ನಾನು ಕೇವಲ ಸಾಮಾನು ಹೊರುವವನು.) ಬ್ರಿಟನ್ನಿನಲ್ಲಿ ವಿದ್ಯುತ್ ವಿತರಣೆ ೧೯೯೦ರಲ್ಲಿಯೇ ಖಾಸಗಿಯವರ ಕೈಸೇರಿತು. ೧೯೯೯ರ ಹೊತ್ತಿಗೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಪ್ರತಿಯೊಂದು ಮನೆಗೂ ತನ್ನ ವಿದ್ಯುತ್ತನ್ನೂ ಕೊಳವೆಯ ಅನಿಲವನ್ನೂ ಯಾರಿಂದ ಕೊಳ್ಳಬೇಕೆಂದು ಆರಿಸುವ ಹಕ್ಕು ದೊರೆತಿತ್ತು. ಕಂಪನಿ ಬದಲಾದರೆ ಯಾರೂ ಬಂದು ಕಂಬ ನೆಡುವುದಿಲ್ಲ. ತಂತಿ ಅದೇ, ಮೀಟರು ಅದೇ, ದೀಪದ ಬೆಳಕೂ ಅದೇ. ಬದಲಾಗುವುದು ಬಿಲ್ಲಿನ ಮೇಲಿನ ಹೆಸರು ಮತ್ತು ದರ ಮಾತ್ರ. ಬದಲಾಗುವ ದಿನ ಮೀಟರಿನಲ್ಲಿ ಎಷ್ಟು ಅಂಕಿ ಇದೆಯೋ ಅದೇ ಹಳೆಯ ಕಂಪನಿಯ ಮುಕ್ತಾಯ, ಅದೇ ಹೊಸ ಕಂಪನಿಯ ಆರಂಭ. ಹಾಗಾಗಿ ಆ ಒಂದು ಅಂಕಿಯನ್ನು ಮನೆಯವರೇ ನೋಡಿ, ಬರೆದು, ಸರಿಯಾದ ದಿನ ತಿಳಿಸಬೇಕು. ತಪ್ಪಿದರೆ ಕಂಪನಿಯೇ ಒಂದು ಅಂದಾಜು ಹಾಕಿಕೊಳ್ಳುತ್ತದೆ.

ನನ್ನ ಮಗಳು ಇದರಲ್ಲಿ ಪಳಗಿದ್ದಳು. ವರ್ಷಕ್ಕೊಮ್ಮೆ ಕಂಪ್ಯೂಟರಿನ ಮುಂದೆ ಕುಳಿತು ದರಗಳನ್ನು ಹೋಲಿಸುವಳು. ಒಪ್ಪಂದದ ಕೊನೆಯ ೪೯ ದಿನಗಳಲ್ಲಿ ಬಿಟ್ಟುಹೋದರೆ ದಂಡಶುಲ್ಕವಿಲ್ಲವೆಂಬ ನಿಯಮ ಅವಳಿಗೆ ಬಾಯಿಪಾಠ. ನಮ್ಮ ಗಣಿತದ ಮನೆತನ ಫಲ ಕೊಟ್ಟಿತೆಂದು ನಾನೂ ಬೀಗಿದ್ದುಂಟು. ಆದರೆ ೨೦೨೧ರ ಶರತ್ಕಾಲದಲ್ಲಿ ಅನಿಲದ ಬೆಲೆ ಏರಿದಾಗ ಅವಳು ಆರಿಸಿಕೊಂಡಿದ್ದ ಅಗ್ಗದ ಕಂಪನಿ ಒಂದು ಬೆಳಗ್ಗೆ ಬಾಗಿಲು ಮುಚ್ಚಿತ್ತು. ಅದೊಂದೇ ಅಲ್ಲ, ಆ ವರ್ಷದ ನಡುವಿನಿಂದ ಮುಂದಿನ ಬೇಸಗೆಯೊಳಗೆ ಇಪ್ಪತ್ತೈದಕ್ಕೂ ಹೆಚ್ಚು ಕಂಪನಿಗಳು ಮುಳುಗಿದವು. ದೀಪ ಆರಲಿಲ್ಲ, ನಿಜ. ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್ ಅನಾಥರಾದ ಗ್ರಾಹಕರನ್ನು ಉಳಿದ ಕಂಪನಿಗಳಿಗೆ ಹಂಚಿತು, ಅವರು ಮುಂಗಡ ಕಟ್ಟಿದ್ದ ಹಣವನ್ನೂ ಉಳಿಸಿಕೊಟ್ಟಿತು. ಆ ಹಂಚಿಕೆಯ ಖರ್ಚು ಎಲ್ಲಿಂದ ಬಂದಿತು? ವಿದ್ಯುತ್ತಿನ ದಿನದ ನಿಗದಿತ ಶುಲ್ಕ ಸುಮಾರು ೨೫ ಪೆನ್ನಿಯಿಂದ ೪೫ ಪೆನ್ನಿಗೆ ಏರಿದುದರಲ್ಲಿ ಅದರ ಪಾಲೂ ಸೇರಿತ್ತು. ಆ ಶುಲ್ಕವನ್ನು ಕಂಪನಿ ಬದಲಿಸಿದವರೂ ಕಟ್ಟಬೇಕು, ಜನ್ಮದಲ್ಲಿ ಬದಲಿಸದವರೂ ಕಟ್ಟಬೇಕು, ಒಂದೂ ದೀಪ ಹಚ್ಚದವರೂ ಕಟ್ಟಬೇಕು. ಇನ್ನೊಂದು ವಿಚಿತ್ರ: ಬೆಲೆ ಏರಿದ ಆ ಚಳಿಗಾಲದಲ್ಲಿ ಬದಲಿಸಿಕೊಳ್ಳಲು ಅಗ್ಗದ ದರವೇ ಪೇಟೆಯಲ್ಲಿ ಉಳಿದಿರಲಿಲ್ಲ. ಆಯ್ಕೆ ಬೇಕಾದಾಗಲೇ ಆಯ್ಕೆ ಇರಲಿಲ್ಲ.

ಆಗ ಜನರ ಕೈಯಲ್ಲಿ ಉಳಿದಿದ್ದ ಉಪಾಯ ಒಂದೇ, ಮೀಟರು ಓದುವ ದಿನ. ಏಪ್ರಿಲ್ ಒಂದರಿಂದ ಸರ್ಕಾರಿ ದರಮಿತಿ ಶೇ. ೫೪ರಷ್ಟು ಏರುವುದಿತ್ತು. ಸಾಧಾರಣ ಸಂಸಾರದ ವರ್ಷದ ಬಿಲ್ಲು ೧,೨೭೭ ಪೌಂಡಿನಿಂದ ೧,೯೭೧ ಪೌಂಡಿಗೆ. ವಿದ್ಯುತ್ ಯೂನಿಟ್ಟಿಗೆ ಸುಮಾರು ೨೧ ಪೆನ್ನಿಯಿಂದ ೨೮ಕ್ಕೆ, ಅನಿಲ ೪ರಿಂದ ೭ಕ್ಕೆ. ಮಾರ್ಚ್ ೩೧ರೊಳಗೆ ಅಂಕಿ ತಿಳಿಸಿದರೆ ಅಲ್ಲಿಯವರೆಗಿನ ಬಳಕೆಗೆ ಹಳೆಯ ದರ ಖಚಿತ. ತಿಳಿಸದಿದ್ದರೆ ಮಾರ್ಚ್‌ನಲ್ಲಿ ಉರಿಸಿದ್ದು ಅಂದಾಜಿನ ಲೆಕ್ಕದಲ್ಲಿ ಏಪ್ರಿಲ್‌ನ ದರಕ್ಕೆ ಜಾರಬಹುದು. ಹಣಕಾಸಿನ ಸಲಹೆಗೆ ಹೆಸರಾದ ಮಾರ್ಟಿನ್ ಲೂಯಿಸ್ ಮೊದಲಾದವರು ಎಲ್ಲರೂ ಅಂಕಿ ಕಳುಹಿಸಿರೆಂದು ಸಾರಿ ಹೇಳಿದ್ದರು. ಇಡೀ ದೇಶ ಅದೇ ದಿನ ಕಳುಹಿಸಲು ಕುಳಿತಿತು. ಹಲವು ಕಂಪನಿಗಳ ಜಾಲತಾಣಗಳು ಮಧ್ಯಾಹ್ನದೊಳಗೆ ಕುಸಿದು ಬಿದ್ದವು. ನನ್ನ ಅಳಿಯ ಟಾರ್ಚ್ ಹಿಡಿದು ಮಹಡಿ ಮೆಟ್ಟಿಲ ಕೆಳಗಿನ ಗೂಡಿಗೆ ತೂರಿ, ಪೊರಕೆ, ಬಕೆಟ್ಟುಗಳ ನಡುವಿನಿಂದ ಅಂಕಿಗಳನ್ನು ಕೂಗಿ ಹೇಳಿದ. ಮಗಳು ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡು ಮತ್ತೆ ಮತ್ತೆ ಗುಂಡಿ ಒತ್ತುತ್ತಿದ್ದಳು. ರಾತ್ರಿ ಹತ್ತರ ನಂತರ ಅದು ಸ್ವೀಕಾರವಾಯಿತು.

ಅಳಿಯನ ಸಹೋದ್ಯೋಗಿಯೊಬ್ಬ ಇನ್ನೂರು ಯೂನಿಟ್ ಹೆಚ್ಚಿಗೆ ಬರೆದುಬಿಡಿ, ಮುಂದಿನ ತಿಂಗಳ ಕರೆಂಟೂ ಹಳೆಯ ದರದಲ್ಲಿ ಸಿಗುತ್ತದೆ ಎಂದು ಸಲಹೆ ಕೊಟ್ಟಿದ್ದನಂತೆ. “ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ಹೊರಗೆ ಕಳಿಸಿದ ಕೈ ಇದು” ಎಂದು ನಾನು ನಕ್ಕೆ. ಆದರೆ ಆ ಸಲಹೆ ಕೊಟ್ಟವನು ಕಳ್ಳನಲ್ಲ, ಪ್ರಾಮಾಣಿಕ ದುಡಿಮೆಗಾರ. ಒಂದು ರಾತ್ರಿಯ ಅಂತರದಲ್ಲಿ ಅದೇ ವಸ್ತುವಿಗೆ ಇಷ್ಟು ಬೆಲೆ ವ್ಯತ್ಯಾಸವಿಟ್ಟರೆ ನೆಟ್ಟಗಿರುವವನ ಬುದ್ಧಿಯೂ ಸೊಟ್ಟಗೆ ಹೊರಳುತ್ತದೆ.

ಇನ್ನು ಪಕ್ಕದ ಮನೆಯ ಅಜ್ಜಿಯ ವಿಷಯ. ಎಂಬತ್ತರ ಮೇಲಿನ ವಯಸ್ಸು, ಗಂಡ ತೀರಿಹೋಗಿ ಬಹಳ ವರ್ಷ. ಮೊಮ್ಮಗು ಹುಟ್ಟಿದಾಗ ತಾವೇ ಹೆಣೆದ ಟೊಪ್ಪಿ ತಂದುಕೊಟ್ಟಿದ್ದರು. ಗಂಡನ ಕಾಲದಿಂದ ಒಂದೇ ಕಂಪನಿ; ಬದಲಿಸಬಹುದೆಂಬುದು ಗೊತ್ತಿತ್ತು, ಆದರೆ “ಇಷ್ಟು ವರ್ಷ ಅವರು ನಮ್ಮನ್ನು ನೋಡಿಕೊಂಡಿದ್ದಾರಲ್ಲ” ಎಂಬ ದಾಕ್ಷಿಣ್ಯ. ಅವರ ದಾಕ್ಷಿಣ್ಯಕ್ಕೆ ಆ ದೇಶದಲ್ಲಿ ಬೆಲೆ ಕಟ್ಟಲಾಗಿತ್ತು: ಬದಲಿಸದೆ ಕುಳಿತ ಹಳೆಯ ಗ್ರಾಹಕರಿಂದ ವರ್ಷಗಟ್ಟಲೆ ಹೆಚ್ಚಿನ ದರ ವಸೂಲಾಗಿ, ಹೊಸಬರನ್ನು ಸೆಳೆಯಲು ಅಗ್ಗದ ದರ ತೋರಿಸಲಾಗುತ್ತಿತ್ತು. ಇದು ಎಷ್ಟು ಬೆಳೆಯಿತೆಂದರೆ, ಪೈಪೋಟಿಯೇ ಮದ್ದೆಂದು ನಂಬಿದ್ದ ಪಾರ್ಲಿಮೆಂಟೇ ೨೦೧೮ರಲ್ಲಿ ಕಾನೂನು ಮಾಡಿ ೨೦೧೯ರ ಜನವರಿಯಿಂದ ದರಮಿತಿ ತರಬೇಕಾಯಿತು. ಅಜ್ಜಿ ಬ್ಯಾಂಕಿನಿಂದ ತಾನಾಗಿ ಹಣ ಹೋಗುವ ಏರ್ಪಾಡನ್ನು ನಂಬದೆ, ಬಿಲ್ಲು ಬಂದ ಮೇಲೆ ಚೆಕ್ ಬರೆಯುವವರು. ಹಾಗೆ ಕಟ್ಟುವವರಿಗೆ ದರಮಿತಿಯೇ ತುಸು ಹೆಚ್ಚು. ಅಂಗಡಿಯಲ್ಲಿ ಮುಂಚಿತವಾಗಿ ಹಣ ತುಂಬಿಸುವ ಮೀಟರಿನ ಬಡವರಿಗೂ ಆ ವರ್ಷ ಹೆಚ್ಚಿತ್ತು: ೧,೯೭೧ರ ಬದಲು ೨,೦೧೭ ಪೌಂಡು.

ಆ ಸಂಜೆ ಮಗಳು ನೆನಪಿಸಿದ್ದರಿಂದ ನಾನು ಅವರ ಮನೆಗೆ ಹೋದೆ. ಅವರ ಮಂಡಿಗಳು ಬಾಗುತ್ತಿರಲಿಲ್ಲ, ಕಣ್ಣಿಗೆ ಪೊರೆ. ಮೆಟ್ಟಿಲ ಕೆಳಗೆ ತೂರಿ ನಾನೇ ಎರಡೂ ಮೀಟರು ಓದಿ, ಅವರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಾರ್ಚ್ ೩೧ರ ಚೌಕದೊಳಗೆ ಬರೆದೆ. ಅವರು ಕಂಪನಿಗೆ ಫೋನ್ ಮಾಡಿದರು. ಸಂಗೀತ ಕೇಳುತ್ತ ಐವತ್ತು ನಿಮಿಷ ಕುಳಿತರು. ಕೊನೆಗೆ ಸಂಪರ್ಕವೇ ಕಡಿಯಿತು. ಅಷ್ಟು ಹೊತ್ತೂ ಕೋಟು ತೊಟ್ಟೇ ಕುಳಿತಿದ್ದರು. ಆ ಮನೆಯಲ್ಲಿ ಬಿಸಿ ಇದ್ದದ್ದು ಒಂದೇ ಕೋಣೆಗೆ. ಫೋನು ಇದ್ದದ್ದು ಇನ್ನೊಂದರಲ್ಲಿ.

ಮೇ ತಿಂಗಳಲ್ಲಿ ಬಂದ ಬಿಲ್ಲಿನಲ್ಲಿ ಮಾರ್ಚ್ ೩೧ರ ಅಂಕಿಗಳ ಎದುರು ‘ಅಂದಾಜು’ ಎಂದಿತ್ತು. ಕ್ಯಾಲೆಂಡರಿನ ಅಂಕಿಗಿಂತ ವಿದ್ಯುತ್ತಿನಲ್ಲಿ ೯೦ ಯೂನಿಟ್, ಅನಿಲದಲ್ಲಿ ೫೪ ಘನಮೀಟರ್ ಕಡಿಮೆ. ಅಂದರೆ ಅಷ್ಟೂ ಬಳಕೆ ಹೊಸ ದರದ ಪಾಲಿಗೆ ಬಿದ್ದಿತ್ತು. ನಿಮ್ಮಲ್ಲಿ ನನ್ನ ಕೈಯಲ್ಲಿ ಹತ್ತನೆಯ ತರಗತಿಯ ಭೌತಶಾಸ್ತ್ರ ಕಲಿತವರು ಲೆಕ್ಕ ಮಾಡಿ ನೋಡಬಹುದು. ಅನಿಲದ ಮೀಟರು ಘನಮೀಟರಿನಲ್ಲಿ ಓಡುತ್ತದೆ, ಬಿಲ್ಲು ಕಿಲೋವ್ಯಾಟ್-ಗಂಟೆಯಲ್ಲಿ ಬರುತ್ತದೆ. ಘನಮೀಟರನ್ನು ೧.೦೨೨೬೪ರಿಂದ ಗುಣಿಸಿ, ಅನಿಲದ ಶಾಖಮೌಲ್ಯದಿಂದ (೩೯–೪೦ ಮೆಗಾಜೌಲಿನ ಆಸುಪಾಸು) ಗುಣಿಸಿ, ೩.೬ರಿಂದ ಭಾಗಿಸಬೇಕು. ಒಂದು ಘನಮೀಟರಿಗೆ ಸುಮಾರು ೧೧ ಯೂನಿಟ್ ಆಯಿತು. ೫೪ಕ್ಕೆ ಹತ್ತಿರ ಹತ್ತಿರ ೬೦೦. ಯೂನಿಟ್ಟಿಗೆ ಮೂರು ಪೆನ್ನಿಯಂತೆ ೧೮ ಪೌಂಡು. ವಿದ್ಯುತ್ತಿನ ೯೦ಕ್ಕೆ ಏಳು ಪೆನ್ನಿಯಂತೆ ೬ ಪೌಂಡು ಚಿಲ್ಲರೆ. ಒಟ್ಟು ಸುಮಾರು ೨೪ ಪೌಂಡು. ದೊಡ್ಡ ಮೊತ್ತವಲ್ಲ ಎನ್ನುವಿರಿ. ಎರಡನೆಯ ಕೋಣೆಗೂ ಬಿಸಿ ಬಿಡಬೇಕೇ ಎಂದು ಯೋಚಿಸುವವರ ಲೆಕ್ಕದಲ್ಲಿ ಅದು ದೊಡ್ಡದೇ.

ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅಜ್ಜಿ ಅದನ್ನು ಓದಿ, “ನೀವು ಮೇಷ್ಟರೆಂದು ನಿಮ್ಮ ಮಗಳು ಹೇಳಿದ್ದಳು” ಎಂದರು. ಕ್ಯಾಲೆಂಡರಿನ ಆ ಪುಟದ ನೆರಳಚ್ಚು ಲಗತ್ತಿಸಿ ಕಾಗದ ಕಳುಹಿಸಿದೆವು. ಮೊದಲನೆಯದಕ್ಕೆ ಉತ್ತರವಿಲ್ಲ, ಎರಡನೆಯದಕ್ಕೆ, ನಾನು ಊರಿಗೆ ಮರಳಿದ ಮೇಲೆ, ತಿದ್ದಿದ ಬಿಲ್ಲು ಬಂದಿತಂತೆ.

ಈಗ ನನ್ನ ಶಿಷ್ಯನ ಪ್ರಶ್ನೆಗೆ ಬರುತ್ತೇನೆ. ಪೈಪೋಟಿಯಿಂದ ಲಾಭವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ನನ್ನ ಮಗಳು ಕೆಲವು ವರ್ಷ ನಿಜವಾಗಿಯೂ ಹಣ ಉಳಿಸಿದಳು. ಆದರೆ ಅವಳು ಉಳಿಸಿದ್ದರಲ್ಲಿ ಒಂದು ಪಾಲನ್ನು ಪಕ್ಕದ ಮನೆಯ ಅಜ್ಜಿ ಕಟ್ಟುತ್ತಿದ್ದರೆಂಬುದು ನನಗೆ ಮುಳ್ಳಿನಂತೆ ಚುಚ್ಚುತ್ತದೆ. ಮೊಬೈಲಿನ ಹೋಲಿಕೆ ಇಲ್ಲಿ ಸಲ್ಲದು. ಮೊಬೈಲಿನಲ್ಲಿ ಕಂಪನಿ ಬದಲಾದರೆ ಸಂಪರ್ಕದ ಗುಣವೂ ಬದಲಾಗುತ್ತದೆ. ಇಲ್ಲಿ ವಸ್ತು ಒಂದೇ, ತಂತಿ ಒಂದೇ. ಕಂಪನಿಗಳು ಮಾರುವುದು ದರಪಟ್ಟಿಯನ್ನು. ದರಪಟ್ಟಿಯನ್ನು ಓದಬಲ್ಲವನು ಗೆಲ್ಲುತ್ತಾನೆ, ಓದಲಾರದವನು ಅವನ ರಿಯಾಯಿತಿಗೆ ಹಣ ತುಂಬುತ್ತಾನೆ. ಮೂವತ್ತು ವರ್ಷ ತರಗತಿಯಲ್ಲಿ ನಿಂತವನಿಗೆ, ಮುಂದಿನ ಬೆಂಚಿನವರಿಗಷ್ಟೇ ಅರ್ಥವಾಗುವ ಪಾಠ ಒಳ್ಳೆಯ ಪಾಠವೆಂದು ಒಪ್ಪಿಕೊಳ್ಳಲಾಗದು.

ನಮ್ಮಲ್ಲಿ ದಿನಾಂಕ ಮತ್ತು ಅಂಕಿಗಳ ಕಣ್ಣಾಮುಚ್ಚಾಲೆ ಇಲ್ಲವೆಂದೇನೂ ಅಲ್ಲ. ೨೦೨೩ರ ದರಪಟ್ಟಿ ನೆನಪಿದೆಯೇ? ನೂರು ಯೂನಿಟ್‌ವರೆಗೆ ಯೂನಿಟ್ಟಿಗೆ ೪.೭೫ ರೂಪಾಯಿ, ನೂರು ದಾಟಿದರೆ ಎಲ್ಲ ಯೂನಿಟ್ಟಿಗೂ ೭ ರೂಪಾಯಿ. ನೂರು ಯೂನಿಟ್ಟಿಗೆ ೪೭೫ ರೂಪಾಯಿ, ನೂರಾ ಒಂದಕ್ಕೆ ೭೦೭! ಕೊನೆಯ ಒಂದು ಯೂನಿಟ್ಟಿನ ಬೆಲೆ ೨೩೨ ರೂಪಾಯಿ. ೨೦೨೪ರ ಏಪ್ರಿಲ್‌ನಿಂದ ಒಂದೇ ದರ, ೫.೯೦ ರೂಪಾಯಿ, ಬಂದಾಗ ಆ ಪ್ರಪಾತ ಮುಚ್ಚಿತು. ಅದು ಸರಿಯಾದ ಕೆಲಸ. ೨೦೨೩ರ ಜುಲೈಯಲ್ಲಿ ಆರಂಭವಾದ ಗೃಹಜ್ಯೋತಿಯ ೨೦೦ ಯೂನಿಟ್‌ನ ಗೆರೆಯೂ ಅಂಥದ್ದೇ: ದಾಟಿದರೆ ಪೂರ್ತಿ ಬಿಲ್ಲು. ಮೀಟರು ಓದುವವನು ಬರುವ ದಿನ ಹತ್ತಿರವಾದಂತೆ ಇಸ್ತ್ರಿ ಪೆಟ್ಟಿಗೆಯನ್ನು ಮುಟ್ಟದ ಬಂಧುಗಳನ್ನು ನಾನು ಬಲ್ಲೆ. (ಅವರೂ ಇದನ್ನು ಓದುತ್ತಾರೆ, ಹೆಸರು ಹೇಳುವುದಿಲ್ಲ.)

ಆದುದರಿಂದ ಹೊಸ ಕಾನೂನು ಬರುವುದೇ ಆದರೆ ನಾನು ಕೇಳುವುದು ಇಷ್ಟು. ನಾಲ್ಕು ಕಂಪನಿ ಕೊಡುವ ಮೊದಲು, ಅಂದಾಜಿಲ್ಲದ ಓದು ಮತ್ತು ಎಂಟನೆಯ ತರಗತಿಯ ಹುಡುಗಿಗೆ ಅರ್ಥವಾಗುವ ಬಿಲ್ಲು ಕೊಡಿ. ಕಂಪನಿ ಬದಲಿಸದೆ ಕುಳಿತವನಿಗೆ ಬದಲಿಸಿದವನಿಗಿಂತ ಹೆಚ್ಚಿನ ದರ ಹಾಕಕೂಡದೆಂದು ಮೊದಲ ದಿನವೇ ಬರೆಯಿರಿ. ಬ್ರಿಟನ್ನಿನವರು ಇಪ್ಪತ್ತು ವರ್ಷ ಕಾದಂತೆ ಕಾಯಬೇಡಿ. ಮುಳುಗಿದ ಕಂಪನಿಯ ಸಾಲವನ್ನು ಒಂಟಿ ಮುದುಕಿಯ ನಿಗದಿತ ಶುಲ್ಕಕ್ಕೆ ಸೇರಿಸಬೇಡಿ. ಇಷ್ಟು ಆಗದಿದ್ದರೆ ನನಗೆ ನಮ್ಮ ಒಂದೇ ಕಂಪನಿ ಸಾಕು. ಅದನ್ನು ಬಯ್ಯಲು ಹೋಗಬೇಕಾದ ಕಚೇರಿಯಾದರೂ ಒಂದೇ ಇದೆ.

ಬ್ರಿಟನ್ನಿನ ದರಮಿತಿ ಈಗ ಮೂರು ತಿಂಗಳಿಗೊಮ್ಮೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಬದಲಾಗುತ್ತದೆ. ಮಗಳ ಮನೆಗೆ ಸ್ಮಾರ್ಟ್ ಮೀಟರು ಬಂದಿದೆ. ಅದು ತಾನೇ ಅಂಕಿ ಕಳುಹಿಸುತ್ತದೆ. ಅಜ್ಜಿ ಮಾತ್ರ ಬೇಡವೆಂದಿದ್ದಾರೆ. ಹಾಗಾಗಿ ವರ್ಷಕ್ಕೆ ನಾಲ್ಕು ಸಂಜೆ ನನ್ನ ಮಗಳು ಪಕ್ಕದ ಮನೆಯ ಮೆಟ್ಟಿಲ ಕೆಳಗೆ ತೂರುತ್ತಾಳೆ. ಈಗ ಮೊಮ್ಮಗನೂ ಜೊತೆಗೆ ಹೋಗುತ್ತಾನಂತೆ, ಟಾರ್ಚ್ ಹಿಡಿಯಲು. ಅಂಕಿಗಳನ್ನು ಅವನು ಕನ್ನಡದಲ್ಲಿ ಎಣಿಸಿ ಹೇಳುತ್ತಾನೆ, ಅಜ್ಜಿ ಇಂಗ್ಲಿಷಿನಲ್ಲಿ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳುತ್ತಾರೆ. ನಡುವೆ ಮಗಳು ಅನುವಾದಕಿ.